'ನೈಟ್‌ಮೇರ್'ಗೆ ಕನ್ನಡ ಪದ: ಶುಕ್ರವಾರದೊಳಗೆ ಬೇಕು

ಮಿಶಿಗನ್‌ನಿಂದ:

ಎಲ್ಲರಿಗೂ ನಮಸ್ಕಾರ. ಒಂದು ಬೋರ್ಡಿಗೆ ಪದ ಬೇಕು, ಸ್ವಲ್ಪ ಅರ್ಜೆಂಟು.

ಅಮೆರಿಕದ ರಾಕ್ ಗಾಯಕ ಆಲಿಸ್ ಕೂಪರ್‌ನ 'ವೆಲ್ಕಮ್ ಟು ಮೈ ನೈಟ್‌ಮೇರ್' ಆಲ್ಬಮ್ ಬಂದಿದ್ದು 1975ರಲ್ಲಿ. ಈ ವರ್ಷ, 2025ಕ್ಕೆ, ಐವತ್ತು ತುಂಬಿತು. ನಾವಿರುವುದು ಡೆಟ್ರಾಯಿಟ್ ಪಕ್ಕ, ಅವನು ಹುಟ್ಟಿದ ಊರು. ಶುಕ್ರವಾರ ಹ್ಯಾಲೋವೀನ್ ರಾತ್ರಿ ನಮ್ಮ ಗ್ಯಾರೇಜಿನಲ್ಲಿ ಕೂತು ಹನ್ನೊಂದು ಹಾಡನ್ನೂ ಸಾಲಾಗಿ ಕೇಳುವುದು ಅಂತ ನಾಲ್ಕು ಕನ್ನಡದ ಮನೆಯವರು ಮಾತಾಡಿಕೊಂಡಿದ್ದೇವೆ. ಬಾಗಿಲಿಗೆ ಕನ್ನಡದ ಬೋರ್ಡ್ ಬೇಕು. ಮಾರನೇ ದಿನ ರಾಜ್ಯೋತ್ಸವ, ಅದೇ ಬಾಗಿಲಿಗೆ ಬಾವುಟ ಕಟ್ಟುತ್ತೇವೆ. ಹಾಗಾಗಿ ದೆವ್ವಕ್ಕಿಂತ ಕಾಗುಣಿತದ ಭಯ ಜಾಸ್ತಿ.

'ನನ್ನ ದುಃಸ್ವಪ್ನಕ್ಕೆ ಸುಸ್ವಾಗತ' ಅಂತ ಬರೆದೆ. ಹೆಂಡತಿ ನೋಡಿ, ಮದುವೆ ಛತ್ರದ ಕಮಾನು ಇದ್ದ ಹಾಗಿದೆ ಅಂದಳು. ನಿಜ. ಆಲ್ಬಮ್ಮಿನ ಹೆಸರಿನದೇ ಆ ಹಾಡು ಮೊದಲಿಗೆ ಅಬ್ಬರಿಸುವುದಿಲ್ಲ. ಮೆಲ್ಲಗೆ ಗಿಟಾರ್ ಮೀಟುತ್ತಾ, ಮನೆಗೆ ಬಂದವರನ್ನು 'ಕೂತ್ಕೊಳ್ಳಿ, ಸಂಕೋಚ ಬೇಡ' ಅಂದ ಹಾಗೆ ಒಳಗೆ ಕರೆಯುತ್ತದೆ. ಆ ಧಾಟಿ ಬರಬೇಕು.

ಮೈಸೂರಿನಿಂದ:

ಸು + ಆಗತ = ಸ್ವಾಗತ. ಅದಕ್ಕೆ ಇನ್ನೊಂದು 'ಸು' ಯಾಕೆ? ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಕಮಾನು ಬರೆಯುವವರ ಕಿವಿಗೆ ಬಿದ್ದಿಲ್ಲ. ದುಃಸ್ವಪ್ನ ಸರಿ, ದುಸ್ಸ್ವಪ್ನವೂ ಸರಿ. ಮುಗಿಯಿತು.

ಶಿವಮೊಗ್ಗದಿಂದ:

ಎಲ್ಲಿ ಮುಗಿಯಿತು? ವಿಸರ್ಗ ಹಾಕಿದ ಕನಸು ಯಾರಿಗೂ ಬೀಳುವುದಿಲ್ಲ. ಹಗಲುಗನಸು ಇದೆಯಲ್ಲ, ಅದೇ ಅಚ್ಚಿನಲ್ಲಿ 'ಕೆಡುಗನಸು' ಅನ್ನಿ. ಕನಸು ನಮ್ಮದೇ ಪದ, ತಮಿಳಿನ ಕನವು, ಮಲಯಾಳದ ಕಿನಾವು ಇದರ ಒಡಹುಟ್ಟಿದವು. ಇನ್ನು 'ದುಷ್ಕನಸು' ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು.

ಬೆಂಗಳೂರಿನಿಂದ:

ಇಬ್ಬರೂ ಪದದ ಬುಡ ನೋಡಿಲ್ಲ. ನೈಟ್‌ಮೇರ್‌ನಲ್ಲಿ ಇರುವ 'ಮೇರ್' ಹೆಣ್ಣುಕುದುರೆ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಮಲಗಿದವರ ಎದೆ ಮೇಲೆ ಕೂತು ಉಸಿರು ಕಟ್ಟಿಸುವ ಪೀಡೆಯ ಹೆಸರು. ಅದೇ ಅರ್ಥದ ಫ್ರೆಂಚ್ ಪದ 'ಕೋಶ್‌ಮಾರ್'ನ ಬಾಲದಲ್ಲೂ ಇದೇ ಪೀಡೆ ಇದೆ. 1781ರಲ್ಲಿ ಕಲಾವಿದ ಫ್ಯೂಸ್ಲಿ ಬರೆದ 'ದ ನೈಟ್‌ಮೇರ್' ಚಿತ್ರ ನೋಡಿ. ಹೆಂಗಸೊಬ್ಬಳು ತಲೆ ಇಳಿಬಿಟ್ಟು ಮಲಗಿದ್ದಾಳೆ, ಎದೆ ಮೇಲೆ ಕುಳ್ಳ ಪಿಶಾಚಿ ಕುಕ್ಕರುಗಾಲಲ್ಲಿ ಕೂತಿದೆ. ಹಿಂದೆ ಪರದೆ ಸಂದಿಯಿಂದ ಕುದುರೆ ತಲೆಯೂ ಇಣುಕುತ್ತದೆ ಅನ್ನಿ, ಅದು ಬೇರೆ ಮಾತು.

ಅಂದಮೇಲೆ ನೈಟ್‌ಮೇರ್ ಮೊದಲಿಗೆ ಕನಸೇ ಅಲ್ಲ, ಕನಸು ತರುವವಳು. ನಮ್ಮ 'ಮಾರಿ'ಗೂ ಆ 'ಮೇರ್'ಗೂ ಎಲ್ಲೋ ನಂಟು ಇರಲೇಬೇಕು. ನನ್ನ ಪದ: ಇರುಳಮಾರಿ.

ಮೈಸೂರಿನಿಂದ:

ನಂಟು ಇಲ್ಲ. ಕಿವಿಗೆ ಒಂದೇ ಥರ ಕೇಳಿದ್ದೆಲ್ಲ ಬೀಗರಾಗುವುದಿಲ್ಲ.

ಬಳ್ಳಾರಿಯಿಂದ:

ಸುಮ್ನೆ 'ನೈಟ್‌ಮೇರ್' ಅಂತಲೇ ಬರೀರಿ ಸರ್. ಬೋರ್ಡು, ಗ್ಯಾರೇಜು, ಗಿಟಾರು ಎಲ್ಲ ಕನ್ನಡವಾಗಿವೆ, ಇದೊಂದಕ್ಕೆ ಏನು ಮಡಿ? ಸಂಸ್ಕೃತದಿಂದ ತಂದರೆ ಶಿಷ್ಟ, ಇಂಗ್ಲಿಷಿನಿಂದ ತಂದರೆ ಭ್ರಷ್ಟ, ಇದು ಯಾವ ವ್ಯಾಕರಣ?

ಆ ಗಾಯಕನ ಹೆಸರೇ ನೋಡಿ. ಹುಟ್ಟಿದಾಗ ವಿನ್ಸೆಂಟ್ ಫರ್ನಿಯರ್. ಆಲಿಸ್ ಕೂಪರ್ ಅನ್ನುವುದು ಮೊದಲು ಬ್ಯಾಂಡಿನ ಹೆಸರು. ಈ ಆಲ್ಬಮ್ ಮಾಡುವ ಹೊತ್ತಿಗೆ ಹಳೆಯ ಬ್ಯಾಂಡ್ ಇರಲಿಲ್ಲ, ಹೆಸರು ಅವನಿಗೇ ಅಂಟಿಕೊಂಡಿತ್ತು. ಎರವಲು ಪದವೂ ಹಾಗೇ. ತಂದವರು ಹೋಗುತ್ತಾರೆ, ಪದ ಮನೆಯದಾಗುತ್ತದೆ.

ಶಿವಮೊಗ್ಗದಿಂದ:

ಮನೆಯಲ್ಲಿ ಇರುವುದನ್ನೂ ಎರವಲು ತರಬೇಕಾ? ಪಿಶಾಚಿಗೆ ಕನ್ನಡದಲ್ಲಿ ದೆವ್ವ ಅನ್ನುತ್ತೇವೆ. ಎಷ್ಟು ಗಟ್ಟಿ ಪದ ಅಲ್ವಾ?

ಮೈಸೂರಿನಿಂದ:

'ದೈವ'ದ ತದ್ಭವ.

ಮಿಶಿಗನ್‌ನಿಂದ:

ಎಲ್ಲರಿಗೂ ಧನ್ಯವಾದ. ಆದರೆ ಇವತ್ತು ಬುಧವಾರ.

ಇನ್ನೊಂದು ಮಾತು. ನಿನ್ನೆ ರಾತ್ರಿ ಪೂರ್ತಿ ಕೇಳಿದೆ. ಹುಡುಗನಾಗಿದ್ದಾಗ ನನಗೆ ಹೆದರಿಕೆ ಆಗುತ್ತಿದ್ದದ್ದು ನಟ ವಿನ್ಸೆಂಟ್ ಪ್ರೈಸ್ ಜೇಡರ ಹುಳದ ಬಗ್ಗೆ ಭಾಷಣ ಮಾಡುವಲ್ಲಿ. ಏಳು ವರ್ಷದ ಮೇಲೆ ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಹಾಡಿನಲ್ಲಿ ನಕ್ಕವರು ಇವರೇ. ಈಗ ಆ ಭಾಷಣಕ್ಕೆ ನಗು ಬರುತ್ತದೆ. ಮ್ಯೂಸಿಯಂ ಗೈಡ್ ಒಬ್ಬ ತನ್ನ ಹುಳುವಿನ ಮೇಲೆ ತಾನೇ ಮೋಹ ಬಿದ್ದ ಹಾಗಿದೆ. ಈಗ ಹೆದರಿಸುವುದು ರೆಕಾರ್ಡಿನ ಎರಡನೇ ಬದಿಯ 'ಸ್ಟೀವನ್' ಹಾಡು. ಪಿಯಾನೋ ಒಂದೇ ಜಾಡಿನಲ್ಲಿ ತಿರುಗುತ್ತದೆ. ದೊಡ್ಡ ಗಂಡಸು ಮಗುವಿನ ದನಿ ಮಾಡುತ್ತಾನೆ. ಯಾರೋ ಹೆಸರು ಹಿಡಿದು ಕರೆಯುತ್ತಾರೆ. ರಕ್ತ ಇಲ್ಲ, ಹಲ್ಲು ಇಲ್ಲ, ಬರೀ ಕರೆಯುವುದು. ಮಗಳು ಬಂದು ಪಕ್ಕದಲ್ಲಿ ಕೂತು, 'ಅಪ್ಪಾ, ಅವನನ್ನ ಯಾರು ಕರೀತಿರೋದು?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಡುಗನಸು ಇದಕ್ಕೆ ಹತ್ತಿರ ಬರುತ್ತದೆ, ಆದರೆ ಬಾಗಿಲ ಮೇಲೆ ಬರೆದರೆ ಮಕ್ಕಳಿಗೆ ಅರ್ಥ ಆಗುವುದಿಲ್ಲ.

ತುಮಕೂರಿನಿಂದ:

ನಾನು ಇಲ್ಲಿ ಬರೆಯುವುದು ಕಡಿಮೆ. ಆ ಕರೆಯುವ ವಿಷಯ ಓದಿ ಬರೆಯಬೇಕು ಅನ್ನಿಸಿತು.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಇರುತ್ತಿತ್ತು, ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಓ ಅಂದರೆ ಕೆಲಸ ಕೆಟ್ಟಿತು. ಬರೆದಿದ್ದನ್ನು ಓದಿ ಹಿಂದೆ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ನಮ್ಮಮ್ಮ ಬರೆಯುವಾಗ ಸುಣ್ಣ ಮುರಿದು, 'ನಾಳೆ ಬ'ಗೆ ನಿಂತಿತ್ತು. ದೀರ್ಘ ಇಲ್ಲ ಅಂತ ದೆವ್ವ ಒಳಗೆ ಬಂದುಬಿಟ್ಟರೆ ಅಂತ ನಾನು ಬೆಳಗಿನವರೆಗೆ ಮಲಗಲಿಲ್ಲ.

ನಿಮ್ಮ ಹಾಡು ಇದನ್ನೇ ತಿರುಗಿಸಿ ಹೇಳುತ್ತಿದೆಯಲ್ಲ, ಬಾ ಅಂತ. ನೈಟ್‌ಮೇರ್‌ಗೆ ಪದ ಹುಡುಕುವುದೇ ಬಿಡಿ. 'ಇವತ್ತೇ ಬಾ' ಅಂತ ಬರೆಯಿರಿ. ಬೋರ್ಡ್ ಬೇಡ, ಸೀಮೆಸುಣ್ಣದಲ್ಲಿ.

ಬೆಂಗಳೂರಿನಿಂದ:

ಚೆನ್ನಾಗಿದೆ ಮೇಡಂ. ಆದರೂ ಇರುಳಮಾರಿಯನ್ನು ಇಷ್ಟು ಬೇಗ ಕೈಬಿಡಬಾರದಿತ್ತು.

ಮಿಶಿಗನ್‌ನಿಂದ:

ಬರೆದಾಯಿತು ಅಕ್ಕಾ. ಸುಣ್ಣ ಇಲ್ಲಿಯ ಮಳೆಗೆ ನಿಲ್ಲುವುದಿಲ್ಲ, ಅದಕ್ಕೆ ಹಲಗೆ ಮೇಲೆ ಬಿಳಿ ಪೇಂಟಿನಲ್ಲಿ ಬರೆದೆ. ದೀರ್ಘ ಎರಡು ಸಲ ನೋಡಿಕೊಂಡೆ.

ಮೈಸೂರಿನಿಂದ:

ದೆವ್ವವನ್ನು ಓಡಿಸುವಾಗ ಏಕವಚನ ಸರಿ. ಕರೆಯುವಾಗ 'ಬನ್ನಿ' ಆಗಬೇಕು.

ಮಿಶಿಗನ್‌ನಿಂದ:

ಪೇಂಟ್ ಒಣಗಿಹೋಗಿದೆ, ಸರ್.