ಸಹಾಯ ಬೇಕು: ಗೋಕುಲಂ ಮನೆ ಖಾಲಿ ಮಾಡಲು ಹೇಳಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಗೋಕುಲಂನಲ್ಲಿ 19 ವರ್ಷದಿಂದ ಬಾಡಿಗೆಗೆ ಇದ್ದೇವೆ. ಹೋದ ವಾರ ಓನರ್ ಬಂದು, ಮುಂದಿನ ತಿಂಗಳೊಳಗೆ ಮನೆ ಬಿಡಿ ಅಂದರು. ಒಂದೊಂದೇ ರೂಮು ಮಾಡಿ ಯೋಗ ಕಲಿಯಲು ಬರುವವರಿಗೆ ಕೊಡುತ್ತಾರಂತೆ.

ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಿಂದ ಯೋಗಶಾಲೆಯನ್ನು ಇಲ್ಲಿಗೆ ತಂದ ಮೇಲೆ ನಮ್ಮ ಬಡಾವಣೆ ನಿಧಾನವಾಗಿ ಬದಲಾಯಿತು. ಹೊರದೇಶದಿಂದ ಬರುವವರ ಮೇಲೆ ನನಗೆ ಬೇಸರವಿಲ್ಲ, ಒಳ್ಳೆಯವರೇ. ಆದರೆ ಒಂದೆರಡು ತಿಂಗಳಿಗೆ ಅವರು ಕೊಡುವ ಬಾಡಿಗೆಯನ್ನು ವರ್ಷಪೂರ್ತಿ ನಾವು ಎಲ್ಲಿಂದ ತರುವುದು? ನಮ್ಮ ಸಾಲಿನಲ್ಲಿ ಹಳೆ ಬಾಡಿಗೆದಾರರು ಅಂತ ಉಳಿದಿರುವುದು ನಾವು ಮತ್ತು ಎದುರು ಮನೆಯ ಟೈಲರ್ ಅಷ್ಟೇ.

ಅಮ್ಮನಿಗೆ 74 ವರ್ಷ. ಹಾಲಿನ ಬೂತ್, ದೇವಸ್ಥಾನ, ಡಾಕ್ಟರು, ಸಂಜೆ ಜಗಲಿಯಲ್ಲಿ ಕೂತು ಮಾತಾಡುವ ಗೆಳತಿಯರು, ಎಲ್ಲಾ ಅವರು ನಡೆದು ಹೋಗುವಷ್ಟು ಹತ್ತಿರ. ಸುದ್ದಿ ಗೊತ್ತಾದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಕಾನೂನು ತಿಳಿದವರು ದಯವಿಟ್ಟು ಹೇಳಿ. ನಮ್ಮ 11 ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು, ಹೊಸದು ಮಾಡಿಲ್ಲ. ಬಾಡಿಗೆ ಮಾತ್ರ ಪ್ರತಿ ತಿಂಗಳು ಬ್ಯಾಂಕಿಗೆ ಹಾಕಿದ್ದೇವೆ. ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು ಅನ್ನುತ್ತಾರೆ. ಆದರೆ ಅದು ಬರಹದಲ್ಲಿ ಇರಬೇಕು ಅಲ್ವಾ? ನಮಗೆ ಬಂದಿರುವುದು ಬರೀ ಬಾಯಿಮಾತು. ಜಗಳ ಬೇಡ. ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವವರೆಗೆ ಸಮಯ ಸಿಕ್ಕರೆ ಸಾಕು. ಹೇಗೆ ಕೇಳಬೇಕು? ಅಡ್ವಾನ್ಸ್ ಪೂರ್ತಿ ವಾಪಸ್ ಬರಲು ಏನು ಮಾಡಬೇಕು?

ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ ಕಡೆ ಮೆಟ್ಟಿಲು ಹತ್ತಬೇಕಿಲ್ಲದ, 12 ಸಾವಿರದೊಳಗಿನ ಎರಡು ರೂಮಿನ ಮನೆ ಇದ್ದರೂ ತಿಳಿಸಿ. ಇವತ್ತೇ ಬಂದು ನೋಡುತ್ತೇನೆ.