ಶಾಲೆಯಲ್ಲೇ ಮಕ್ಕಳ ಕಣ್ಣು ಪರೀಕ್ಷೆ: ಕೋಣೆ 15 ಅಡಿ, ಚಾರ್ಟ್ 6 ಮೀಟರಿನದು. ಏನು ಮಾಡೋದು?

ಹಳ್ಳಿಶಾಲೆ:
ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, 1ರಿಂದ 5ನೇ ತರಗತಿ, ಒಟ್ಟು 62 ಮಕ್ಕಳು. ಪಕ್ಕದಲ್ಲೇ ಅಂಗನವಾಡಿ ಇದೆ. ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಸರ್ಕಾರಿ ಆರ್‌ಬಿಎಸ್‌ಕೆ ತಂಡ ಬರುವ ಮುಂಚೆ ನಾವೇ ಎಲ್ಲರ ದೃಷ್ಟಿ ನೋಡಿ ಪಟ್ಟಿ ಸಿದ್ಧ ಮಾಡಿಟ್ಟುಕೊಂಡರೆ, ಆ ಒಂದು ದಿನದಲ್ಲಿ ಯಾವ ಮಗುವೂ ತಪ್ಪಿಹೋಗುವುದಿಲ್ಲ ಅಂತ ಲೆಕ್ಕ. ಕೈಯಲ್ಲಿರೋದು ಇಂಗ್ಲಿಷಿನ ‘ಇ’ ನಾಲ್ಕು ದಿಕ್ಕಿಗೆ ತಿರುಗಿರುವ ಚಾರ್ಟ್, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು. ಕೋಣೆ 15 ಅಡಿಗಿಂತ ಉದ್ದ ಇಲ್ಲ. ಸಾಲಲ್ಲಿ ನಿಂತ ಮಕ್ಕಳು ಮುಂದಿನವರು ಹೇಳಿದ್ದನ್ನೇ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ.

ಇನ್ನೊಂದು ವಿಷಯ. 2ನೇ ತರಗತಿಯ ಹುಡುಗಿಯೊಬ್ಬಳು ಎರಡೂ ಕಣ್ಣು ಬಿಟ್ಟಾಗ ಎಲ್ಲ ಸಾಲನ್ನೂ ಸರಿಯಾಗಿ ತೋರಿಸಿದಳು. ಎಡಗಣ್ಣು ಮುಚ್ಚಿದಾಗಲೂ ಸರಿ. ಬಲಗಣ್ಣು ಮುಚ್ಚಿದ ತಕ್ಷಣ ಕೈ ತಳ್ಳಿ ಅಳೋಕೆ ಶುರು. ಹಟ ಅಂತ ಬಿಡಬೇಕಾ, ಬೇರೆ ಏನಾದರೂ ಇರಬಹುದಾ?

ನೇತ್ರಪರೀಕ್ಷಕ:
ಮೇಷ್ಟ್ರೇ, ಕೊನೆಯದನ್ನೇ ಮೊದಲು ಹೇಳ್ತೀನಿ, ಅದೇ ಎಲ್ಲಕ್ಕಿಂತ ಮುಖ್ಯ. ಆ ಹುಡುಗಿಯದು ಹಟ ಅಂತ ಬಿಡಬೇಡಿ. ಒಂದು ಕಣ್ಣು ಮುಚ್ಚಿದರೆ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಮಾತ್ರ ಮಗು ಕೈ ತಳ್ಳಿದರೆ, ಕಾಣುವ ಕಣ್ಣನ್ನೇ ನಾವು ಮುಚ್ಚಿದ್ದೇವೆ ಅಂತ ಅನುಮಾನಿಸಬೇಕು. ಎಡಗಣ್ಣು ಮಂದವಿರುವ ಸಾಧ್ಯತೆ ಬಹಳ. ಎರಡು ಕಣ್ಣಿನ ನಂಬರಿನಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಮಿದುಳು ಸ್ಪಷ್ಟ ಚಿತ್ರ ಕೊಡುವ ಕಣ್ಣನ್ನಷ್ಟೇ ನೆಚ್ಚಿಕೊಳ್ಳುತ್ತೆ, ಇನ್ನೊಂದನ್ನು ಕೈಬಿಡುತ್ತೆ. ಇದೇ ಆಂಬ್ಲಿಯೋಪಿಯಾ, ಜನ ಸೋಮಾರಿ ಕಣ್ಣು ಅನ್ನೋದು. ಮೆಳ್ಳೆಗಣ್ಣು ಇಲ್ಲದಿದ್ದರೆ ಹೊರಗಿನಿಂದ ಏನೂ ಗೊತ್ತಾಗಲ್ಲ. ಮಗು ಓಡಾಡುತ್ತೆ, ಬೋರ್ಡ್ ನೋಡಿ ಬರೆಯುತ್ತೆ. ಎರಡೂ ಕಣ್ಣು ಬಿಟ್ಟು ಮಾಡಿದ ಪರೀಕ್ಷೆಯಲ್ಲಿ ಇದು ಯಾವತ್ತೂ ಸಿಕ್ಕಿಬೀಳಲ್ಲ.

ಈಗ ಚಾರ್ಟಿನ ವಿಷಯ. ಸ್ಕೇಲ್ ತಗೊಂಡು ಎಲ್ಲಕ್ಕಿಂತ ಮೇಲಿನ 6/60ರ ಅಕ್ಷರದ ಎತ್ತರ ಅಳೆಯಿರಿ. (6/60 ಅಂದರೆ, ಒಳ್ಳೇ ಕಣ್ಣಿಗೆ 60 ಮೀಟರಿನಿಂದ ಕಾಣುವ ಅಕ್ಷರ ಈ ಕಣ್ಣಿಗೆ 6 ಮೀಟರಿನಿಂದ ಮಾತ್ರ ಕಾಣುತ್ತೆ ಅಂತ. ಎರಡನೇ ಸಂಖ್ಯೆ ದೊಡ್ಡದಾದಷ್ಟೂ ದೃಷ್ಟಿ ಕಡಿಮೆ, 6/6 ಅಂದರೆ ಸರಿಯಾದ ದೃಷ್ಟಿ.) 6 ಮೀಟರಿನ ಚಾರ್ಟ್ ಆದರೆ 87 ಮಿ.ಮೀ. ಇರಬೇಕು. 6/12ರ ಸಾಲು 17.5, 6/9ರ ಸಾಲು 13, 6/6ರ ಸಾಲು ಸುಮಾರು 9 ಮಿ.ಮೀ. ಕಂಪ್ಯೂಟರಿನವರು ಪೇಪರಿಗೆ ಹೊಂದಿಸೋಕೆ ಪ್ರಿಂಟನ್ನು ಕುಗ್ಗಿಸಿರುತ್ತಾರೆ. ಹಾಗಾಗಿದ್ದರೆ ಚೆನ್ನಾಗಿ ಕಾಣುವ ಮಗುವೂ ಫೇಲ್ ಆಗುತ್ತೆ.

15 ಅಡಿ ಅಂದರೆ ಸುಮಾರು 4.5 ಮೀಟರ್. ಸರಿಯಾದ ಅಳತೆಯ ಚಾರ್ಟನ್ನು ಅಷ್ಟು ಹತ್ತಿರದಿಂದ ತೋರಿಸಿದರೆ ಉಲ್ಟಾ ತಪ್ಪು ಆಗುತ್ತೆ: 6/9ರ ಸಾಲು ಓದಿದ ಮಗುವಿಗೆ ನಿಜವಾಗಿ ಇರೋದು 6/12 ಮಾತ್ರ. ದಾರಿ ಎರಡಿವೆ. ಜಗಲಿಯಲ್ಲಿ 6 ಮೀಟರ್ ಸಿಕ್ಕರೆ ಅಲ್ಲೇ ಮಾಡಿ, ಹಗ್ಗಕ್ಕೆ ಗಂಟು ಹಾಕಿ ಅಳೆದು ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ, ಮಗುವಿನ ಹಿಮ್ಮಡಿ ಗೆರೆ ಮೇಲಿರಲಿ. ಜಗಲಿ ಇಲ್ಲದಿದ್ದರೆ ಚಾರ್ಟನ್ನು 75 ಪರ್ಸೆಂಟಿಗೆ ಕುಗ್ಗಿಸಿ ಜೆರಾಕ್ಸ್ ತೆಗೆಸಿ. 6/60ರ ಅಕ್ಷರ 65 ಮಿ.ಮೀ. ಬರುತ್ತೆ, 4.5 ಮೀಟರಿನಲ್ಲಿ ನಿಲ್ಲಿಸಿದರೆ ಸಾಲಿನ ಪಕ್ಕದ ಸಂಖ್ಯೆಗಳೆಲ್ಲ ಹಾಗೇ ಸರಿಹೋಗುತ್ತವೆ.

ಚಾರ್ಟ್ ಮಗುವಿನ ಕಣ್ಣಿನ ಎತ್ತರದಲ್ಲಿರಲಿ. ಹಿಂದೆ ಕಿಟಕಿ ಬೇಡ, ಬೆಳಕು ಚಾರ್ಟಿನ ಮೇಲೆ ಬೀಳಬೇಕೇ ಹೊರತು ಮಗುವಿನ ಮುಖಕ್ಕೆ ಹೊಡೆಯಬಾರದು.

ಅಂಗೈಯಿಂದ ಕಣ್ಣು ಮುಚ್ಚಿಸಬೇಡಿ. ಬೆರಳ ಸಂದಿಯಿಂದ ಇಣುಕೋದು ಒಂದು ಕಡೆಯಾದರೆ, ಗುಡ್ಡೆಯನ್ನು ಒತ್ತಿಕೊಂಡ ಮಗುವಿಗೆ ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಮಬ್ಬಾಗಿ ಕಾಣುತ್ತೆ, ಆಗ ಆ ಕಣ್ಣು ಸುಮ್ಮನೆ ಫೇಲ್ ಆಗುತ್ತೆ. ಚಿಕ್ಕವರಿಗೆ ಮಡಿಸಿದ ಹತ್ತಿ ಬಟ್ಟೆ ಇಟ್ಟು ಮೈಕ್ರೋಪೋರ್ ಟೇಪ್ (ಚರ್ಮಕ್ಕೆ ಅಂಟಿಸುವ ಕಾಗದದ ಟೇಪ್) ಅಂಟಿಸಿ. ದೊಡ್ಡವರಿಗೆ ರಟ್ಟು ಸಾಕು, ಆದರೆ ನೀವೇ ಹಿಡಿಯಿರಿ.

ಬಾಯಿಪಾಠಕ್ಕೆ ಮದ್ದು ಸುಲಭ: ಒಬ್ಬರನ್ನಷ್ಟೇ ಒಳಗೆ ಬಿಡಿ. ಚಾರ್ಟನ್ನು ತಲೆಕೆಳಗು ಮಾಡಿ ನೇತುಹಾಕಿದರೆ ಸಾಲುಗಳ ಕ್ರಮ ತಿರುಗಿದರೂ ‘ಇ’ ದಿಕ್ಕುಗಳೆಲ್ಲ ಬೇರೆಯಾಗುತ್ತವೆ, ಬಾಯಿಪಾಠ ಕೆಲಸಕ್ಕೆ ಬರಲ್ಲ. ಒಂದು ಸಾಲಿನಲ್ಲಿ ಐದು ಅಕ್ಷರ ಇದ್ದರೆ ನಾಲ್ಕಾದರೂ ಸರಿಯಾಗಬೇಕು, ಯಾಕೆಂದರೆ ಅಂದಾಜಿನ ಮೇಲೆ ನಾಲ್ಕರಲ್ಲೊಂದು ಹೇಗೂ ಸರಿಬರುತ್ತೆ. ಕಣ್ಣು ಕಿರಿದು ಮಾಡಿ ನೋಡಲು ಬಿಡಬೇಡಿ. ರೆಪ್ಪೆಯ ಸಣ್ಣ ಸಂದಿಯಿಂದ ನೋಡಿದರೆ ಸಮೀಪದೃಷ್ಟಿ ಇರುವವರಿಗೂ ಸ್ಪಷ್ಟ ಕಾಣುತ್ತೆ.

ರಿಜಿಸ್ಟರಿನಲ್ಲಿ ‘ಸರಿ ಇದೆ’ ಅಂತ ಬರೆಯಬೇಡಿ. ‘ಬಲ 6/6, ಎಡ 6/24’ ಅಂತ ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ ಬರೆಯಿರಿ. ಯಾವುದೇ ಕಣ್ಣು 6/9ರ ಸಾಲು ಓದದಿದ್ದರೆ, ಅಥವಾ ಎರಡು ಕಣ್ಣುಗಳ ನಡುವೆ ಎರಡು ಸಾಲಿನ ವ್ಯತ್ಯಾಸ ಇದ್ದರೆ ಆಸ್ಪತ್ರೆಗೆ ಕಳಿಸಿ. ಆಗಲೇ ಕನ್ನಡಕ ಇರುವ ಮಗುವನ್ನು ಕನ್ನಡಕ ಹಾಕಿಸಿಯೇ ಪರೀಕ್ಷಿಸಿ.

ಅಂಗನವಾಡಿ_ಅಕ್ಕ:
ಮೂರು–ನಾಲ್ಕು ವರ್ಷದವರಿಗೆ ಎಡ ಬಲ ಬಾಯಲ್ಲಿ ಹೇಳೋಕೆ ಬರಲ್ಲ ಸರ್. ರಟ್ಟಿನಲ್ಲಿ ದೊಡ್ಡ ‘ಇ’ ಕತ್ತರಿಸಿ ಕೈಗೆ ಕೊಡಿ, ಚಾರ್ಟಿನಲ್ಲಿರೋ ಹಾಗೆ ತಿರುಗಿಸಿ ಹಿಡಿದರೆ ಸಾಕು. ಮೊದಲು ಮೂರು ಅಡಿ ದೂರದಲ್ಲಿ ಆಟದ ಹಾಗೆ ಅಭ್ಯಾಸ ಮಾಡಿಸಿ, ಆಮೇಲೆ ಗೆರೆಗೆ ಕರ್ಕೊಂಡು ಹೋಗಿ. ಅದೂ ಆಗದಿದ್ದರೆ ಮನೆ, ಸೇಬು, ಚೌಕ, ವೃತ್ತದ ಚಿತ್ರಗಳಿರುವ ಚಾರ್ಟ್ ಬರುತ್ತೆ. ಇಷ್ಟಾದರೂ ಮಗು ಸಹಕರಿಸದಿದ್ದರೆ ‘ಪರೀಕ್ಷೆ ಆಗಿಲ್ಲ’ ಅಂತ ಬರೆದು ಆ ಹೆಸರನ್ನೂ ತಂಡಕ್ಕೆ ಕೊಡಿ. ಇಂಥ ಮಕ್ಕಳೇ ಪಟ್ಟಿಯಿಂದ ಜಾರಿಹೋಗೋದು.

ಹಳ್ಳಿಶಾಲೆ:
ಬಹಳ ಉಪಕಾರ. ಆ ಹುಡುಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತೇವೆ. ಅಲ್ಲಿ ಏನೇನು ಮಾಡುತ್ತಾರೆ ಅಂತ ಅವರ ತಾಯಿ ಕೇಳುತ್ತಿದ್ದಾರೆ. ಚಿಕ್ಕ ವಯಸ್ಸಿಗೇ ಕನ್ನಡಕ ಹಾಕಿದರೆ ನಂಬರ್ ಏರುತ್ತೆ ಅಂತ ಅವರಿಗೆ ಭಯ. ಕಣ್ಣಿಗೆ ಪಟ್ಟಿ ಕಟ್ಟೋದಾದರೆ ತರಗತಿಯಲ್ಲಿ ಹೇಗೆ?

ಕಣ್ಣಾಸ್ಪತ್ರೆ_ಸಿಸ್ಟರ್:
ಮಕ್ಕಳ ಕಣ್ಣಿನ ಒಳಗಿನ ಮಸೂರ ಬಹಳ ಮೆತ್ತಗೆ, ಕ್ಷಣಕ್ಕೊಮ್ಮೆ ಫೋಕಸ್ ಬದಲಿಸುತ್ತೆ. ಹಾಗಾಗಿ ಕಂಪ್ಯೂಟರ್ ಮೆಶಿನ್ ತೋರಿಸಿದ ನಂಬರನ್ನೇ ಕನ್ನಡಕಕ್ಕೆ ಬರೆಯೋಕೆ ಆಗಲ್ಲ. ಮೈನಸ್ (ಸಮೀಪದೃಷ್ಟಿಯ ನಂಬರ್) ಹೆಚ್ಚಾಗಿ ತೋರಿಸುತ್ತೆ, ಪ್ಲಸ್ (ದೂರದೃಷ್ಟಿಯ ನಂಬರ್) ಅಡಗಿಬಿಡುತ್ತೆ. ಆ ಮಸೂರವನ್ನು ಸುಮ್ಮನಾಗಿಸೋಕೆ ಡ್ರಾಪ್ಸ್ ಹಾಕುತ್ತಾರೆ, ಅಥವಾ 1% ಅಟ್ರೋಪಿನ್ ಮುಲಾಮು ಕೊಟ್ಟು ಮೂರು ದಿನ, ದಿನಕ್ಕೆರಡು ಸಲ ಮನೆಯಲ್ಲೇ ಹಾಕಿ ಬನ್ನಿ ಅಂತಾರೆ. ತಾಯಿಗೆ ಇಷ್ಟು ಹೇಳಿ: ಅಕ್ಕಿಕಾಳಿನಷ್ಟು ಸಾಕು. ಕೆಳರೆಪ್ಪೆ ಎಳೆದು ಒಳಗೆ ಹಾಕಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿಹಿಡಿಯಬೇಕು, ಔಷಧಿ ಗಂಟಲಿಗೆ ಇಳಿಯದಿರಲಿ ಅಂತ. ಆಮೇಲೆ ಕೈ ತೊಳೆಯಬೇಕು. ಟ್ಯೂಬು ಬೇರೆ ಮಕ್ಕಳ ಕೈಗೆ ಸಿಗಬಾರದು. ಮುಖ ಕೆಂಪಾಗಿ, ಮೈ ಬಿಸಿಯಾಗಿ, ಬಾಯಿ ಒಣಗಿ, ಎದೆ ಜೋರಾಗಿ ಬಡಿದುಕೊಂಡರೆ ಹಾಕೋದು ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಪಾಪೆ ದೊಡ್ಡದಾಗಿ ಬೆಳಕು ಚುಚ್ಚುತ್ತೆ, ಹತ್ತಿರದ ಅಕ್ಷರ ಮಬ್ಬಾಗುತ್ತೆ. ಅಟ್ರೋಪಿನ್ ಪ್ರಭಾವ ಪೂರ್ತಿ ಇಳಿಯೋಕೆ ಹತ್ತು ದಿನ, ಕೆಲವರಿಗೆ ಎರಡು ವಾರ. ಎಫ್‌ಎ ಪರೀಕ್ಷೆಯ ವಾರ ಬಿಟ್ಟು ಕಳಿಸಿ ಮೇಷ್ಟ್ರೇ. ವಾಪಸ್ ಬಂದಾಗ ಪುಸ್ತಕ ಓದಲಿಲ್ಲ ಅಂತ ಯಾರೂ ಗದರದಿರಲಿ.

ಕನ್ನಡಕದಿಂದ ನಂಬರ್ ಏರುವುದಿಲ್ಲ. ಬೆಳೆಯುವ ಮಗುವಿನ ಕಣ್ಣುಗುಡ್ಡೆಯೂ ಬೆಳೆಯುತ್ತೆ, ನಂಬರ್ ಬದಲಾಗೋದು ಅದರಿಂದ. ಆಂಬ್ಲಿಯೋಪಿಯಾ ಇರುವ ಮಗುವಿಗಂತೂ ಕನ್ನಡಕವೇ ಮೊದಲನೇ ಚಿಕಿತ್ಸೆ. ಕೆಲವು ಮಕ್ಕಳಿಗೆ ಮೂರ್ನಾಲ್ಕು ತಿಂಗಳು ಬರೀ ಕನ್ನಡಕ ಹಾಕಿದ್ದಕ್ಕೇ ಮಂದ ಕಣ್ಣು ಚೇತರಿಸಿಕೊಳ್ಳುತ್ತೆ, ಪಟ್ಟಿ ಬೇಕಾಗೋದೇ ಇಲ್ಲ. ಆದರೆ ಎದ್ದಾಗಿನಿಂದ ಮಲಗೋತನಕ ಹಾಕಬೇಕು. ಶಾಲೆಗೆ ಮಾತ್ರ ಹಾಕಿ ಮನೆಯಲ್ಲಿ ಡಬ್ಬಿಯಲ್ಲಿಟ್ಟರೆ ಪ್ರಯೋಜನ ಇಲ್ಲ.

ನೇತ್ರಪರೀಕ್ಷಕ:
ಕಣ್ಣಿಗೆ ಕಟ್ಟುವ ಪಟ್ಟಿಯ ಬಗ್ಗೆ. ಮುಚ್ಚಬೇಕಾದ್ದು ಚೆನ್ನಾಗಿ ಕಾಣುವ ಕಣ್ಣನ್ನು, ಆಗ ಮಂದ ಕಣ್ಣು ಕೆಲಸ ಮಾಡಲೇಬೇಕಾಗುತ್ತೆ. ಮನೆಯವರು ‘ಪಾಪ, ನೋವಾದ ಕಣ್ಣು’ ಅಂತ ಮಂದ ಕಣ್ಣನ್ನೇ ಮುಚ್ಚಿಬಿಡುತ್ತಾರೆ, ತಿಂಗಳುಗಟ್ಟಲೆ ಶ್ರಮ ನೀರಿಗೆ ಹೋಗುತ್ತೆ. ಚೀಟಿಯ ಮೇಲೆ ‘ಬಲಗಣ್ಣು ಮುಚ್ಚಿ’ ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ. ಪಟ್ಟಿ ಚರ್ಮಕ್ಕೇ ಅಂಟಬೇಕು, ಅದರ ಮೇಲೆ ಕನ್ನಡಕ. ಗಾಜಿಗೆ ಬಟ್ಟೆ ಸುತ್ತಿದರೆ ಮಗು ಮೂಗಿನ ಪಕ್ಕದಿಂದ ಒಳ್ಳೇ ಕಣ್ಣಿನಲ್ಲೇ ನೋಡುತ್ತೆ.

ಮಧ್ಯಮ ಮಟ್ಟದ ಮಂದತೆಗೆ ಸಾಮಾನ್ಯವಾಗಿ ದಿನಕ್ಕೆ 2 ಗಂಟೆ, ತೀವ್ರವಾಗಿದ್ದರೆ 6 ಗಂಟೆ ಬರೆಯುತ್ತಾರೆ. 2 ಗಂಟೆಯದಾದರೆ ಶಾಲೆಯಲ್ಲಿ ಬೇಡ, ಸಂಜೆ ಮನೆಯಲ್ಲಿ ಮುಗಿಸಲಿ. ಆ ಹೊತ್ತಿಗೆ ಹತ್ತಿರದ ಕೆಲಸ ಕೊಡಿ: ಬಣ್ಣ ತುಂಬೋದು, ಮಣಿ ಪೋಣಿಸೋದು, ಅಕ್ಕಿಯಲ್ಲಿ ಕಲ್ಲು ಆರಿಸೋದು. 6 ಗಂಟೆಯದಾದರೆ ತರಗತಿಯಲ್ಲೂ ಹಾಕಲೇಬೇಕು. ಮೊದಲ ಬೆಂಚಿನಲ್ಲಿ ಕೂರಿಸಿ, ಬೋರ್ಡಿನ ಅಕ್ಷರ ದೊಡ್ಡದು ಮಾಡಿ, ಆಟದ ಪೀರಿಯಡ್ಡಿನಲ್ಲಿ ಮತ್ತು ಮೆಟ್ಟಿಲಿನ ಬಳಿ ಒಬ್ಬರು ಜೊತೆಗಿರಲಿ. ಉಳಿದ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿ, ರೇಗಿಸೋದು ಶುರುವಾದ ದಿನವೇ ಮಗು ಪಟ್ಟಿ ಕಿತ್ತೆಸೆಯುತ್ತೆ.

ಡಾಕ್ಟರು ಹೇಳಿದ ದಿನಕ್ಕೆ, ಸಾಮಾನ್ಯವಾಗಿ ಒಂದೂವರೆ–ಎರಡು ತಿಂಗಳಿಗೊಮ್ಮೆ, ಎರಡೂ ಕಣ್ಣು ಪರೀಕ್ಷೆ ಆಗಬೇಕು. ಮುಚ್ಚಿದ ಕಣ್ಣಿನ ದೃಷ್ಟಿಯೂ ಕೆಲವೊಮ್ಮೆ ಕುಗ್ಗುತ್ತೆ. 2ನೇ ತರಗತಿ ಅಂದರೆ ಏಳರ ಆಸುಪಾಸು, ಇನ್ನೂ ಒಳ್ಳೇ ವಯಸ್ಸು, ಆದರೆ ಬೇಸಿಗೆ ರಜೆ ಬರಲಿ ಅಂತ ಕಾಯಬೇಡಿ. ದೊಡ್ಡ ಮಕ್ಕಳಲ್ಲೂ ಪ್ರಯತ್ನ ಮಾಡಬಹುದು, ನಿಧಾನ ಅಷ್ಟೆ.

ಕಣ್ಣಾಸ್ಪತ್ರೆ_ಸಿಸ್ಟರ್:
ಎರಡು ಮಾತು ಸೇರಿಸುತ್ತೇನೆ. ಪಾಪೆ ಬೆಳ್ಳಗೆ ಕಾಣುವ ಮಗು, ಫ್ಲ್ಯಾಶ್ ಫೋಟೋದಲ್ಲಿ ಒಂದು ಕಣ್ಣು ಮಾತ್ರ ಬಿಳಿ ಹೊಳೆಯುವ ಮಗು, ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು ಬಂದ ಮಗು ಕಂಡರೆ ತಂಡದ ದಾರಿ ಕಾಯದೆ ಆ ವಾರವೇ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ಮಿಂಟೋದಂಥ ದೊಡ್ಡ ಕಣ್ಣಾಸ್ಪತ್ರೆಗೋ ಕಳಿಸಿ. ಕಣ್ಣಿನ ಪೊರೆಯೋ ರೆಟಿನಾದ ಗಡ್ಡೆಯೋ ಇರಬಹುದು.

ಹಾಗೇ ಕಣ್ಣಿಗೆ ನಂದಿಬಟ್ಟಲು ರಸ, ಜೇನು, ಎದೆಹಾಲು ಹಾಕೋದು ಬೇಡ ಅಂತ ತಾಯಂದಿರ ಸಭೆಯಲ್ಲಿ ಹೇಳಿ. ತುರಿಕೆಗೆ ಅಂತ ಮೆಡಿಕಲ್ ಶಾಪಿನಿಂದ ತಂದ ಸ್ಟಿರಾಯ್ಡ್ ಡ್ರಾಪ್ಸನ್ನು ವರ್ಷಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ನರವೇ ಹಾಳಾಗಬಹುದು.

ಕನ್ನಡಕ ಬಂದ ಮೇಲೆ ಅದು ಮೂಗಿನಿಂದ ಜಾರುತ್ತಿದೆಯಾ ನೋಡಿ. ಜಾರಿದರೆ ಮಗು ಗಾಜಿನ ಮೇಲಿಂದ ನೋಡುತ್ತೆ. ಕಿವಿಯ ಹಿಂದೆ ಎಲಾಸ್ಟಿಕ್ ದಾರ ಕಟ್ಟಿಸಿ. ಒಣ ಸೆರಗಿನಿಂದ ಒರೆಸಿದರೆ ಧೂಳೇ ಗಾಜಿಗೆ ಗೀರು ಹಾಕುತ್ತೆ, ಮೊದಲು ನೀರಲ್ಲಿ ತೊಳೆದು ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಲಿ.