ಖಾಲಿ ಚಾನೆಲ್‌ನಲ್ಲಿ ಅಲೆ ಎಲ್ಲಿಂದ ಬಂತು?

ಪ್ರಶ್ನೆ: ನಮಸ್ಕಾರ ಸರ್. ಆರ್ಡುಯಿನೋ ಊನೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ, ಬೋರ್ಡ್ ಕಳುಹಿಸುವ ಅಂಕಿಗಳನ್ನು ಗೆರೆಯಾಗಿ ಬಿಡಿಸುವ ಸೀರಿಯಲ್ ಪ್ಲಾಟರನ್ನೇ ಆಸಿಲೋಸ್ಕೋಪ್ (ವಿದ್ಯುತ್ ಅಲೆ ತೋರಿಸುವ ಉಪಕರಣ) ಮಾಡಿಕೊಂಡು ಎರಡು ಚಾನೆಲ್ ನೋಡುತ್ತಿದ್ದೇನೆ. ಸೀರಿಯಲ್ ವೇಗ 9600 ಬಾಡ್. ಎ0 ಪಿನ್‌ಗೆ ಸಿಗ್ನಲ್ ಜನರೇಟರಿನಿಂದ 50 ಹರ್ಟ್ಸ್ ಸೈನ್ ಅಲೆ ಕೊಟ್ಟಿದ್ದೇನೆ, ಎ1 ಖಾಲಿ. ಆದರೂ ಎ1ರಲ್ಲಿ ಅದೇ ಅಲೆ ಸಣ್ಣದಾಗಿ ಕಾಣುತ್ತದೆ. ಎ0ರ ಅಲೆಯೂ ಗರಗಸದ ಹಲ್ಲಿನಂತೆ ಮುರಿದುಹೋಗಿದೆ. ಬೋರ್ಡ್ ಕೆಟ್ಟಿದೆಯೇ?

ಉತ್ತರ: ಬೋರ್ಡ್ ಕೆಟ್ಟಿಲ್ಲ. ಊನೋದಲ್ಲಿ ಆರು ಅನಲಾಗ್ ಪಿನ್‌ಗಳಿದ್ದರೂ ವೋಲ್ಟೇಜನ್ನು ಅಳೆದು ಅಂಕಿಯಾಗಿಸುವ ಎಡಿಸಿ ಒಂದೇ; ಅದು ಸರದಿಯಂತೆ ಒಂದೊಂದು ಪಿನ್‌ಗೆ ಹೋಗುತ್ತದೆ. ಒಳಗಿರುವ ಪುಟ್ಟ ಕೆಪಾಸಿಟರ್ ಎ0ರ ವೋಲ್ಟೇಜನ್ನು ತುಂಬಿಕೊಂಡು ಎ1ಕ್ಕೆ ಬಂದಾಗ, ಅಲ್ಲಿ ಏನೂ ಜೋಡಿಸಿರದಿದ್ದರೆ ಹಳೆಯ ಚಾರ್ಜೇ ಉಳಿದುಬಿಡುತ್ತದೆ. ನೀವು ಕಂಡದ್ದು ಆ ನೆರಳು. ಎ1ನ್ನು ಗ್ರೌಂಡ್‌ಗೆ ಜೋಡಿಸಿ ನೋಡಿ, ಗೆರೆ ಸೊನ್ನೆಗೆ ಇಳಿಯುತ್ತದೆ. ಮುಂದೆ ಅಲ್ಲಿ ಸಿಗ್ನಲ್ ಕೊಡುವಾಗ ಮೂಲದ ರೋಧ 10 ಕಿಲೋ ಓಮ್‌ಗಿಂತ ಕಡಿಮೆ ಇರಲಿ.

ಗರಗಸದ ಹಲ್ಲಿಗೆ ಕಾರಣ ಸೀರಿಯಲ್ ವೇಗ. 9600 ಬಾಡ್ ಎಂದರೆ ಸೆಕೆಂಡಿಗೆ 9600 ಬಿಟ್; ಒಂದು ಅಕ್ಷರಕ್ಕೆ 10 ಬಿಟ್ ಬೇಕಾದ್ದರಿಂದ 960 ಅಕ್ಷರ. ಎರಡು ಓದಿಕೆಗಳ ಅಂಕಿಗಳು, ನಡುವೆ ಅಲ್ಪವಿರಾಮ, ಕೊನೆಗೆ ಹೊಸಸಾಲಿನ ಗುರುತು ಸೇರಿ ಒಂದು ಸಾಲಿಗೆ ಸುಮಾರು 10 ಅಕ್ಷರ ಹಿಡಿಯಿರಿ: ಸೆಕೆಂಡಿಗೆ 100 ಸಾಲೂ ದಾಟುವುದು ಕಷ್ಟ. 50 ಹರ್ಟ್ಸ್‌ನ ಒಂದು ಸುತ್ತಿಗೆ ಎರಡೇ ಚುಕ್ಕೆ! ಅಲೆಯ ಆಕಾರ ಕಾಣಲು ಹತ್ತಾದರೂ ಬೇಕು. ಪ್ರೋಗ್ರಾಂ, ಪ್ಲಾಟರ್ ಎರಡರಲ್ಲೂ 115200 ಇಡಿ, ಇಪ್ಪತ್ತರ ಆಸುಪಾಸು ಸಿಗುತ್ತವೆ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಪಿನ್‌ಗೆ 0ಯಿಂದ 5 ವೋಲ್ಟ್ ಮಾತ್ರ. ಜನರೇಟರಿನ ಅಲೆ ಸೊನ್ನೆಗಿಂತ ಕೆಳಗಿಳಿಯುತ್ತಿದ್ದರೆ 2.5 ವೋಲ್ಟ್ ಆಫ್‌ಸೆಟ್ ಕೊಟ್ಟು ಮೇಲೆತ್ತಿ. ಗೋಡೆಯ ಪ್ಲಗ್‌ನ ವಿದ್ಯುತ್ತನ್ನು ನೇರವಾಗಿ ನೋಡುವ ಪ್ರಯತ್ನ ಬೇಡವೇ ಬೇಡ: ಬೋರ್ಡಿನ ಗ್ರೌಂಡ್ ಯುಎಸ್‌ಬಿ ಮೂಲಕ ಕಂಪ್ಯೂಟರಿಗೇ ಸೇರಿದೆ, ಜೀವಕ್ಕೇ ಅಪಾಯ.

ಮರುಪ್ರಶ್ನೆ: ಎರಡೂ ಸರಿಹೋದವು ಸರ್, ಧನ್ಯವಾದ. ಈಗ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಮುಂದೆ 500 ಹರ್ಟ್ಸ್ ನೋಡಿ, ಎರಡು ಚಾನೆಲ್‌ಗಳ ಫೇಸ್ ವ್ಯತ್ಯಾಸ (ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದಿದೆ ಎಂಬುದು) ಅಳೆಯಬಹುದೇ?

ಉತ್ತರ: ಎ1ರ ಅಂಕಿಗೆ 1100 ಕೂಡಿಸಿ ಕಳುಹಿಸಿ. ಓದಿಕೆ 1023 ದಾಟುವುದಿಲ್ಲವಾದ್ದರಿಂದ ಗೆರೆಗಳು ಬೇರೆಬೇರೆ ನಿಲ್ಲುತ್ತವೆ.

500 ಹರ್ಟ್ಸ್‌ಗೆ ಸೀರಿಯಲ್ ಸಾಲದು. 200 ಜೋಡಿ ಓದಿಕೆಗಳನ್ನು ಮೊದಲು ಮೆಮೊರಿಯಲ್ಲಿ ತುಂಬಿಕೊಂಡು ಆಮೇಲೆ ನಿಧಾನವಾಗಿ ಕಳುಹಿಸಿ. ಫೇಸ್ ಅಳೆಯುವಾಗ ಸರದಿಯ ಸಂಗತಿ ನೆನಪಿರಲಿ. ಒಂದು ಓದಿಕೆಗೆ ಸುಮಾರು 0.1 ಮಿಲಿಸೆಕೆಂಡ್ ಹಿಡಿಯುತ್ತದೆ, ಎ1 ಅಷ್ಟು ತಡವಾಗಿ ಅಳೆಯಲ್ಪಡುತ್ತದೆ. 500 ಹರ್ಟ್ಸ್‌ನಲ್ಲಿ ಒಂದು ಸುತ್ತು, ಅಂದರೆ 360 ಡಿಗ್ರಿ, 2 ಮಿಲಿಸೆಕೆಂಡ್; ಹಾಗಾಗಿ ಈ ತಡ ಸುಮಾರು 18 ಡಿಗ್ರಿ. ಮೊದಲು ಒಂದೇ ಸಿಗ್ನಲನ್ನು ಎರಡೂ ಪಿನ್‌ಗೆ ಕೊಟ್ಟು, ಕಾಣುವ ಅಂತರವನ್ನು ಬರೆದಿಟ್ಟುಕೊಂಡು, ಅನಂತರದ ಅಳತೆಯಿಂದ ಕಳೆಯಿರಿ.